ಗುರುವಾಯನಕೆರೆಯಾಗಿ ಬಂದ ನರ

ಅವರು ನಮ್ಮ ಮನೆಗೆ ಮೊದಲ ಸಲ ಬಂದಾಗ ಅಜ್ಜಿ ಪಾತ್ರೆ ಹಿಡಿದುಕೊಂಡು ಅಂಗಳಕ್ಕೆ ಓಡಿದ್ದರು. ತಪ್ಪು ಅಜ್ಜಿಯದಲ್ಲ. ಹಳೆಯ ಸ್ಕೂಟರು, ಕಾಲಿಡುವ ಜಾಗದಲ್ಲಿ ನೀಲಿ ಐಸ್ ಪೆಟ್ಟಿಗೆ, ಗೇಟಿನ ಬಳಿ ಎರಡು ಸಲ ಹಾರ್ನು. ನರಿಕೊಂಬಿನಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಇಷ್ಟೆಲ್ಲ ಲಕ್ಷಣಗಳೊಂದಿಗೆ ಬರುವವನು ಮೀನಿನವನಲ್ಲದೆ ಬೇರೆ ಯಾರು? ನಮ್ಮ ಬೆಕ್ಕು ಕೂಡ ಹಾಗೆಯೇ ತಿಳಿದು ಅಜ್ಜಿಗಿಂತ ಮೊದಲು ಗೇಟಿಗೆ ತಲುಪಿತ್ತು.

“ಬಂಗುಡೆ ಉಂಟಾ? ಹೇಗೆ ಕೊಡ್ತಿ ಮಾರಾಯ?”

“ಕೊಡ್ಲಿಕ್ಕೆ ಬಂದದ್ದಲ್ಲ ಅಜ್ಜಿ, ತಗೊಂಡು ಹೋಗ್ಲಿಕ್ಕೆ ಬಂದದ್ದು.”

“ಏನನ್ನು?”

“ನಿಮ್ಮ ಮೊಮ್ಮಗಳ ಕಕ್ಕ.”

ಅಜ್ಜಿ ಪಾತ್ರೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಆ ಮನುಷ್ಯರು ಹೋದ ತಿಂಗಳು ಮೂಡುಬಿದಿರೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಆರೋಗ್ಯ ಇಲಾಖೆಯಲ್ಲಿ ಸಹಾಯಕರಾಗಿದ್ದು ನಿವೃತ್ತರಾದವರು. ಊರವರ ಬಾಯಲ್ಲಿ ಇನ್ಸ್‌ಪೆಕ್ಟ್ರು. ಹೆಸರು ಬರೆಯುವುದಿಲ್ಲ. ಬರೆದಿದ್ದರೆ ಅವರೇ, “ಹೆಸರು ಯಾಕೆ ಮಗಾ, ಸರಕಾರ ಸಂಬಳ ಕೊಟ್ಟದ್ದು ಹುದ್ದೆಗೆ, ಹೆಸರಿಗಲ್ಲ” ಎನ್ನುತ್ತಿದ್ದರು. ಅವರ ಹುದ್ದೆ ಇದ್ದದ್ದು ಬಂಟ್ವಾಳದಲ್ಲಿ. ಬೆಳ್ತಂಗಡಿ ಮತ್ತು ಮೂಡುಬಿದಿರೆ ಕಡೆಯ ಹುದ್ದೆಗಳು ಖಾಲಿ ಇದ್ದುದರಿಂದ ಆ ಎರಡೂ ಇವರ ತಲೆಗೆ ಬಂದಿದ್ದವು. ಖಾಲಿ ಹುದ್ದೆ ತುಂಬುವುದು ಕಷ್ಟ, ಇದ್ದವನ ಮೇಲೆ ಹೇರುವುದು ಸುಲಭ. ಹೀಗಾಗಿ ಮೂರು ಊರಿನ ರಸ್ತೆಯ ಹೊಂಡಗಳೆಲ್ಲ ಅವರ ಸ್ಕೂಟರಿಗೆ ಬಾಯಿಪಾಠವಾಗಿದ್ದವು.

ನನಗೆ ಆಗ ಆರು ವರ್ಷ. ಅಪ್ಪ ಮಸ್ಕತ್ತಿನಲ್ಲಿ, ಮನೆಯಲ್ಲಿ ಅಜ್ಜಿ, ಅಮ್ಮ, ನಾನು ಮತ್ತು ಮೂರು ವರ್ಷದ ತಂಗಿ. ಜ್ವರ ಬಂದಿತ್ತೆಂದು ಅಜ್ಜಿ ನನ್ನನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಕುಂಡೆಗೆ ಒಂದು ಸೂಜಿ ಚುಚ್ಚಿದರು. ಕಾಲಿನುದ್ದಕ್ಕೂ ಬೆಂಕಿ ಹರಿದ ಹಾಗಾಗಿ ಕಿರುಚಿದ್ದು ನೆನಪಿದೆ. ಎರಡು ದಿನ ಕಳೆದು ಜ್ವರ ಬಿಟ್ಟಿತು. ಮಂಚದಿಂದ ಇಳಿದರೆ ಎಡಪಾದ ಮೇಲೇಳುವುದಿಲ್ಲ! ಹೆಬ್ಬೆರಳು ನೆಲ ಒರೆಸುತ್ತಿತ್ತು. ಎಡಗಾಲಿನ ಚಪ್ಪಲಿ ಎಲ್ಲೋ ಬಿದ್ದು ಹೋದರೂ ನನಗೆ ತಿಳಿಯುತ್ತಿರಲಿಲ್ಲ. ಎಡವದಿರಲೆಂದು ಮೊಣಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದೆ. ಶಾಲೆಯಲ್ಲಿ ಒಂದೇ ವಾರದಲ್ಲಿ ನನಗೆ ಕೊಕ್ಕರೆ ಎಂದು ನಾಮಕರಣವಾಯಿತು.

ಅಮ್ಮ ಸರಕಾರಿ ಆಸ್ಪತ್ರೆಗೆ ತೋರಿಸಿದರು. ಮಕ್ಕಳ ಕೈಕಾಲು ಏಕಾಏಕಿ ಸೋತು ಜೋಲು ಬಿದ್ದರೆ, ಕಾರಣ ಏನೇ ಕಾಣಲಿ, ಪೋಲಿಯೊ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕೆಂಬುದು ಸರಕಾರದ ನಿಯಮ. ಅದಕ್ಕೆ ಮಗುವಿನ ಮಲ ಬೇಕು, ಒಂದು ದಿನದ ಅಂತರದಲ್ಲಿ ಎರಡು ಸಲದ್ದು, ಐಸಿನಲ್ಲಿಟ್ಟು ಕಳಿಸಬೇಕು. ಆಸ್ಪತ್ರೆಯಿಂದ ಸುದ್ದಿ ಹೋಗಿ, ಆ ಪೆಟ್ಟಿಗೆ ನಮ್ಮ ಅಂಗಳಕ್ಕೆ ಬಂದದ್ದು ಹೀಗೆ.

ನಾನು ನಾಚಿಕೆಯ ಹುಡುಗಿ. ಇನ್ಸ್‌ಪೆಕ್ಟ್ರು ಜಗಲಿಯಲ್ಲಿ ಡಬ್ಬಿ ಹಿಡಿದು ಕುಳಿತಿದ್ದಾರೆಂದು ತಿಳಿದ ಮೇಲೆ ನನ್ನ ಹೊಟ್ಟೆ ಮುಷ್ಕರ ಹೂಡಿತು. ಅವರು ಮಧ್ಯಾಹ್ನದವರೆಗೆ ಕಾದು ಹೋದರು. ಮಾರನೆಯ ದಿನವೂ ಬಂದರು. ಅಜ್ಜಿಗೆ ತಡೆಯಲಾಗಲಿಲ್ಲ. ಮನೆ ಬಾಗಿಲಿಗೆ ಬಂದ ಸರಕಾರಿ ಅಧಿಕಾರಿ ಎರಡು ದಿನ ಬರಿಗೈಯಲ್ಲಿ ಹೋಗುವುದೆಂದರೆ ಏನು? ಮನೆತನಕ್ಕೊಂದು ಮರ್ಯಾದೆ ಬೇಡವೇ? ಸ್ವಲ್ಪ ಹೊತ್ತಿಗೆ ಅಜ್ಜಿ ಹಿತ್ತಲಿನಿಂದ ಡಬ್ಬಿಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ತಂದರು. ಇನ್ಸ್‌ಪೆಕ್ಟ್ರು ಧನ್ಯವಾದ ಹೇಳಿ, ಚೀಟಿ ಅಂಟಿಸಿ, ನನ್ನ ಹೆಸರು ಬರೆಯುತ್ತಿದ್ದರು. ಅಷ್ಟರಲ್ಲಿ ತಂಗಿ ಚಡ್ಡಿಯಿಲ್ಲದೆ ಓಡಿಬಂದು ಡಬ್ಬಿಯ ಕಡೆ ಬೆರಳು ತೋರಿಸಿ, “ಅದು ನಂದು!” ಎಂದಳು.

ಅವರು ಪೆನ್ನು ಕೆಳಗಿಟ್ಟು ನಕ್ಕರು ನೋಡಿ! ಜಗಲಿಯ ಕಂಬಕ್ಕೆ ಒರಗಿ, ಕಣ್ಣೀರು ಒರೆಸಿಕೊಂಡು, ಮತ್ತೆ ನಕ್ಕರು. “ಅಜ್ಜೀ, ನಿಮ್ಮ ಸತ್ಕಾರ ದೊಡ್ಡದು. ಆದ್ರೆ ಇದರಲ್ಲಿ ಬದಲಿ ನಡೆಯುವುದಿಲ್ಲ.” ಮೂರನೆಯ ದಿನ ನಾನು ಸರಕಾರಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿದೆ. ಅದರ ಮರುದಿನವೂ.

ಅವರನ್ನು ನೆನೆದರೆ ಮೊದಲು ಬರುವುದು ಸಾಬೂನಿನ ವಾಸನೆ. ಕಿಸೆಯಲ್ಲಿ ನಾಲ್ಕು ಪೆನ್ನು, ಕಾಗದದಲ್ಲಿ ಸುತ್ತಿದ ಒಂದು ತುಂಡು ಸಾಬೂನು. ನನ್ನ ಕಾಲು ಮುಟ್ಟುವ ಮೊದಲು ಮೊಣಕೈವರೆಗೆ ತೊಳೆಯುತ್ತಿದ್ದರು, ಮುಟ್ಟಿದ ಮೇಲೆ ಮತ್ತೆ ತೊಳೆಯುತ್ತಿದ್ದರು. ನಮ್ಮ ಮನೆಯಲ್ಲಿ ಒಂದು ಲೋಟ ಚಾ ಬಿಟ್ಟರೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಅಜ್ಜಿ ಊಟಕ್ಕೆ ಒತ್ತಾಯಿಸಿದರೆ, “ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನನ್ನ ಕೈಯ ಕೆಸರು ಯಾವುದು ಅಂತ ಗೊತ್ತಾದ ಮೇಲೆ ಯಾರೂ ಮೊಸರು ಬಡಿಸುವುದಿಲ್ಲ” ಎಂದು ಪೆಟ್ಟಿಗೆ ತೋರಿಸುತ್ತಿದ್ದರು.

ವರದಿ ಬಂತು. ಪೋಲಿಯೊ ಅಲ್ಲ. ಅದನ್ನು ಹೇಳಲು ಅವರೇ ಬಂದರು. ಅಮ್ಮ ಸಮಾಧಾನದಿಂದ ಅತ್ತುಬಿಟ್ಟರು. “ಮತ್ತೆ ಇದು ಏನು?” ಎಂದು ಕೇಳಿದ್ದು ಅಜ್ಜಿ.

“ಸೂಜಿ ನರಕ್ಕೆ ತಾಗಿದ್ದು. ಕುಂಡೆಯಿಂದ ಪಾದಕ್ಕೆ ಹೋಗುವ ದೊಡ್ಡ ನರ ಒಂದು ಉಂಟು. ಮಕ್ಕಳ ಕುಂಡೆಯಲ್ಲಿ ಮಾಂಸ ಎಷ್ಟು ಇರ್ತದೆ ಹೇಳಿ? ಅದಕ್ಕೇ ಮಕ್ಕಳಿಗೆ ಸೂಜಿ ಹಾಕುವುದಾದ್ರೆ ತೊಡೆಯ ಹೊರಬದಿಗೆ ಹಾಕಬೇಕು. ಮಕ್ಕಳ ಕುಂಡೆ ಇರುವುದು ಕೂತ್ಕೊಳ್ಳಲಿಕ್ಕೆ ಮಾತ್ರ.” ಆಮೇಲೆ ಅಮ್ಮನ ಕಡೆ ತಿರುಗಿ, “ದೂರು ಕೊಡುವುದಾದ್ರೆ ಅರ್ಜಿ ನಾನೇ ಬರೆದು ಕೊಡ್ತೇನೆ” ಎಂದರು.

ಅಮ್ಮ ಆಗಲಿ ಎಂದು ತಲೆಯಾಡಿಸಿದರು. ಅಜ್ಜಿ, “ಬೇಡ, ಬೇಡ” ಎಂದು ಒಳಗೆ ಹೋದರು. ಇನ್ಸ್‌ಪೆಕ್ಟ್ರು ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ಅಜ್ಜಿ ಹಿತ್ತಲ ಬಾಗಿಲಿನಿಂದ ಸುತ್ತಿ ಬಂದು ಅವರನ್ನು ತುಳಸಿಕಟ್ಟೆಯ ಬಳಿ ಹಿಡಿದರು. ಕಟ್ಟೆಯ ಆಚೆ ಬದಿಯಲ್ಲಿ ನಾನು ಕುಳಿತಿದ್ದೆ.

“ದೂರು ಕೊಟ್ರೆ ಅದರಲ್ಲಿ ನನ್ನ ಹೆಸರೂ ಬರೀಬೇಕು ಇನ್ಸ್‌ಪೆಕ್ಟ್ರೇ” ಎಂದರು ಅಜ್ಜಿ. “ಡಾಕ್ಟ್ರು ಕುಡಿಯುವ ಮದ್ದು ಕೊಟ್ಟಿದ್ರು. ಅಷ್ಟು ದೂರದಿಂದ ಬಂದದ್ದು ಬಣ್ಣದ ನೀರಿಗಾ, ಒಂದು ಸೂಜಿ ಹಾಕಿ ಅಂತ ಹಠ ಹಿಡಿದದ್ದು ನಾನು. ಮಗು ಬೇಡ ಅಂತ ಕೂಗ್ತಿತ್ತು. ಕಾಲು ಹಿಡ್ಕೊಂಡದ್ದೂ ನಾನೇ.”

ಅವರು ಎಂದಿನಂತೆ ತಮಾಷೆ ಮಾಡಲಿಲ್ಲ. ಪೆಟ್ಟಿಗೆಯನ್ನು ಕೆಳಗಿಟ್ಟರು.

“ಈ ಮೂರು ಊರಿನಲ್ಲಿ ಸೂಜಿ ಕೇಳದ ಅಜ್ಜಿ ಒಬ್ರನ್ನು ತೋರಿಸಿ, ನಾನು ಕಾಲಿಗೆ ಬೀಳ್ತೇನೆ. ಕೇಳುವುದು ಅಜ್ಜಿಯ ಕೆಲಸ. ಕೊಡುವುದಿಲ್ಲ ಅನ್ನುವುದು ಕಲಿತವರ ಕೆಲಸ. ನೀವು ನಿಮ್ಮ ಕೆಲಸ ಮಾಡಿದ್ದೀರಿ. ಈಗ ಇನ್ನೊಂದು ಕೆಲಸ ಕೊಡ್ತೇನೆ, ಮಾಡ್ತೀರಾ?”

ಆ ಕೆಲಸ ಬೈರಾಸಿನದು, ಮೈ ಒರೆಸುವ ಟವೆಲಿನದು. ದಿನಕ್ಕೆ ಮೂರು ಹೊತ್ತು, ನನ್ನ ಪಾದದ ಅಡಿಗೆ ಬೈರಾಸು ಕೊಟ್ಟು ಎರಡೂ ತುದಿ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆಯುವುದು. ನರ ಮತ್ತೆ ಬೆಳೆದುಕೊಂಡು ಬಂದರೂ ಬರಬಹುದು, ಆದರೆ ತಿಂಗಳಿಗೆ ಒಂದು ಇಂಚು ಬಂದರೆ ಪುಣ್ಯ. ಅಷ್ಟರೊಳಗೆ ಹಿಮ್ಮಡಿಯ ಸ್ನಾಯು ಗಟ್ಟಿಯಾಗಿಬಿಟ್ಟರೆ ನರ ಬಂದೂ ಪ್ರಯೋಜನವಿಲ್ಲ. “ಬಸ್ಸು ಬಂದಾಗ ಬಸ್‌ಸ್ಟ್ಯಾಂಡಿನ ಗೇಟು ಹಾಕಿರಬಾರದು, ಅಷ್ಟೇ” ಎಂದು ಅವರು ಅಜ್ಜಿಗೆ ವಿವರಿಸಿದರು. ನಮ್ಮ ಮನೆಗೆ ಬಸ್ಸು ಬಂದದ್ದು ಈ ಮಾತಿನ ಹಿಂದೆಯೇ.

ಮುಂದಿನ ಸಲ ಬರುವಾಗ ಅವರ ಕೊರಳಲ್ಲಿ ನಿಜವಾದ ಕಂಡಕ್ಟರನ ಸೀಟಿ ಇತ್ತು. ನನ್ನನ್ನು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿಸಿ, ಕೆಂಪು ಪೆನ್ನಿನಿಂದ ಕಾಲಿನುದ್ದಕ್ಕೂ ಚುಕ್ಕಿ ಇಟ್ಟರು. ಕುಂಡೆ ಮೂಡುಬಿದಿರೆ. ತೊಡೆಯ ನಡುವೆ ವೇಣೂರು. ಮೊಣಕಾಲಿನ ಹಿಂದೆ ಗುರುವಾಯನಕೆರೆ, ಅಲ್ಲಿ ರಸ್ತೆಯ ಹಾಗೆ ನರವೂ ಎರಡಾಗುತ್ತದೆ. ಬೆಳ್ತಂಗಡಿಗೆ ತಿರುಗುವುದು ಮೀನಖಂಡದ ನರ, ಅದಕ್ಕೆ ಹೆಚ್ಚು ತೊಂದರೆ ಇಲ್ಲ. ನಮ್ಮದು ಮಡಂತ್ಯಾರು ಕಡೆಯದು. ಮೊಣಕಾಲಿನ ಕೆಳಗೆ ಮಡಂತ್ಯಾರು, ಕಣಕಾಲಿನ ನಡುವೆ ಪುಂಜಾಲಕಟ್ಟೆ, ಆಮೇಲೆ ವಗ್ಗ, ಪಾದದ ಗಂಟು ಬಂಟ್ವಾಳ, ಹೆಬ್ಬೆರಳು ಬಿ.ಸಿ.ರೋಡು. ನರದ ದಾರಿಯ ಮೇಲೆ ಬೆರಳಿನಿಂದ ಟಕ್ ಟಕ್ ಎಂದು ಬಡಿಯುತ್ತಾ ಬಂದು, ಎಲ್ಲಿ ನನಗೆ ಜುಂ ಎನ್ನುವುದೋ ಅಲ್ಲಿಗೆ ಬಸ್ಸು ತಲುಪಿದೆ ಎಂದು ಲೆಕ್ಕ. ಜುಂ ಎಂದರೆ ಸೀಟಿ ಊದಿ “ರೈಟ್!” ಎನ್ನುತ್ತಿದ್ದರು.

ಎರಡನೆಯ ಪರೀಕ್ಷೆ ಚಪ್ಪಲಿಯದು. ಹವಾಯಿ ಚಪ್ಪಲಿ ಹಾಕಿ ತುಳಸಿಕಟ್ಟೆಯಿಂದ ಗೇಟಿಗೆ ನಡೆಯಬೇಕು. ಎಷ್ಟನೆಯ ಹೆಜ್ಜೆಗೆ ಎಡಗಾಲಿನದು ಕಳಚುತ್ತದೆಂದು ಅವರು ಗಟ್ಟಿಯಾಗಿ ಎಣಿಸುತ್ತಿದ್ದರು. ಮೊದಲ ದಿನ ಮೂರಕ್ಕೇ ಕಳಚಿತು. “ಗೇಟಿನವರೆಗೆ ಚಪ್ಪಲಿ ಬೀಳದೆ ಹೋದ ದಿನ ಈ ಪೆಟ್ಟಿಗೆ ಬಿಟ್ಟು ಬರ್ತೇನೆ. ಬಂಗುಡೆ ಸಾರು ಮಾಡಿ ಅಜ್ಜಿ, ಉಣ್ತೇನೆ” ಎಂದು ಮಾತು ಕೊಟ್ಟರು.

ಕಾಲು ಸೋತು ಅರವತ್ತು ದಿನವಾದ ಮೇಲೆ ಒಂದು ಫಾರಂ ತುಂಬುವುದಿತ್ತು. ‘ದೌರ್ಬಲ್ಯ ಉಳಿದಿದೆ’ ಎಂದು ಬರೆದು ಸಹಿ ಹಾಕಿದರು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಇನ್ನು ಬರುವುದಿಲ್ಲವೇ ಎಂದು ಅಮ್ಮ ಕೇಳಿದಾಗ, “ಸರಕಾರಕ್ಕೆ ಇವಳ ಕಾಲು ಸಾಕಾಯ್ತು. ನನಗೆ ಆಗ್ಲಿಲ್ಲ” ಎಂದರು. ಆಮೇಲಿನ ಎರಡನೇ ಶನಿವಾರಗಳೆಲ್ಲ ನನ್ನವು.

ಒಂದು ಶನಿವಾರ ಅವರು ಬಗ್ಗಿ ಸಾಬೂನು ಹಚ್ಚುತ್ತಿದ್ದಾಗ ಪ್ಯಾಂಟಿನ ಹಿಂಭಾಗದಲ್ಲಿ ಅಮ್ಮನಿಗೆ ನೀಲಿ ಮಸಿಯ ಗುರುತುಗಳು ಕಂಡವು. ಒಂದಲ್ಲ, ಏಳೆಂಟು. ಸಂಕೋಚದಿಂದ ಹೇಳಿದರೆ, “ಮಸಿ ಅಲ್ಲಮ್ಮ, ಡಾಕ್ಟ್ರುಗಳ ಸಹಿ” ಎಂದು ಹೆಮ್ಮೆಪಟ್ಟರು. ಅಮ್ಮನ ಹೆಸರಿನಲ್ಲಿ ದೂರಿನ ಅರ್ಜಿ ಬರೆದು ಕಳಿಸಿಯಾಗಿತ್ತು, ಅದು ಯಾವ ಮೇಜಿನಲ್ಲಿ ಮಲಗಿತ್ತೋ ಯಾರಿಗೂ ತಿಳಿಯದು. ಇವರು ಕಾಯದೆ ನನಗೆ ಸೂಜಿ ಹಾಕಿದ ಕ್ಲಿನಿಕ್ಕಿಗೇ ಹೋಗಿ, ಬೆಂಚಿನ ಮೇಲೆ ಬೋರಲು ಮಲಗಿ, ಡಾಕ್ಟರ ಕೈಗೆ ಪೆನ್ನು ಕೊಟ್ಟು, “ಎಲ್ಲಿ ಚುಚ್ತೀರಿ, ಒಂದು ಗುರುತು ಹಾಕಿ ನೋಡುವ” ಎಂದರಂತೆ. ಡಾಕ್ಟರು ನಡುಮಧ್ಯಕ್ಕೆ ಹಾಕಿದರು. “ಇದರ ಅಡಿಯಲ್ಲಿ ನನ್ನ ಇಡೀ ಕಾಲು ಉಂಟು ಡಾಕ್ಟ್ರೇ” ಎಂದು ಇವರು ಎದ್ದು ಬಂದರು. ಆಮೇಲೆ ಅದೇ ಚಟವಾಯಿತು. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಸಿಕ್ಕಿದ ಕ್ಲಿನಿಕ್ಕಿನಲ್ಲೆಲ್ಲ ಬೋರಲು ಮಲಗಿದರು. ಸರಿಯಾದ ಜಾಗದಲ್ಲಿ ಗುರುತು ಹಾಕಿದವರಿಗೆ ಎದ್ದು ನಿಂತು ನಮಸ್ಕಾರ, ಹಾಕದವರಿಗೆ ಕಾಲು ಗಂಟೆ ಪಾಠ, ಮತ್ತು ಎರಡೂ ಗುಂಪಿಗೆ ಮಕ್ಕಳ ತೊಡೆಯ ಚಿತ್ರ. ಮನೆಯಲ್ಲಿ ಹೆಂಡತಿ ಪ್ಯಾಂಟು ಒಗೆಯಲು ಒಪ್ಪದೆ, “ಯಾವ ಡಾಕ್ಟ್ರು ಗೀಚಿದ್ದೋ ಅವರೇ ಒಗೆಯಲಿ” ಎಂದಿದ್ದರಂತೆ.

ಬಸ್ಸು ವೇಣೂರಿಗೆ ಬಂದು ನಿಂತುಬಿಟ್ಟಿತು. ಒಂದು ಶನಿವಾರ ಬಡಿದರೆ ವೇಣೂರು, ಮುಂದಿನ ತಿಂಗಳೂ ವೇಣೂರು, ಅದರ ಮುಂದಿನ ತಿಂಗಳೂ ವೇಣೂರು. ಅಜ್ಜಿಗೆ ತಾಳ್ಮೆ ಕೆಟ್ಟಿತು.

“ಈ ಸುತ್ತು ಯಾಕೆ ಇನ್ಸ್‌ಪೆಕ್ಟ್ರೇ? ಸಿದ್ಧಕಟ್ಟೆಯಾಗಿ ಬರಬಾರದಾ ನಿಮ್ಮ ನರ? ಮೂಡುಬಿದಿರೆಯಿಂದ ಹತ್ತಿರ ಆಗ್ತದಲ್ಲ?”

“ನರಕ್ಕೆ ಪರ್ಮಿಟ್ ಇರುವುದು ಗುರುವಾಯನಕೆರೆಯಾಗಿ ಮಾತ್ರ ಅಜ್ಜಿ.”

ಎಲ್ಲರೂ ನಕ್ಕೆವು. ಅವರು ಮಾತ್ರ ನಗದೆ ಇನ್ನೊಮ್ಮೆ ಬಡಿದು ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. “ಒಂದು ಮಾತು ಹೇಳಿಬಿಡ್ತೇನೆ. ಕೆಲವು ಬಸ್ಸು ಬರುವುದೇ ಇಲ್ಲ. ಬೆಳ್ತಂಗಡಿ ಕಡೆ ಇವಳದೇ ಪ್ರಾಯದ ಒಂದು ಹುಡುಗಿ ಇದ್ದಾಳೆ. ಎರಡು ವರ್ಷ ಆಯ್ತು, ಮೂಡುಬಿದಿರೆ ಬಿಟ್ಟೇ ಇಲ್ಲ. ಅವಳಿಗೆ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿಸಿದ್ದೇನೆ. ಬೈರಾಸು ಬಿಡಬೇಡಿ.” ಅಜ್ಜಿ ಅಂದಿನಿಂದ ಮೂರು ಹೊತ್ತನ್ನು ಆರು ಹೊತ್ತು ಮಾಡಿದರು. ಎಳೆಯುವಾಗ ಅವರ ತುಟಿ ಅಲ್ಲಾಡುತ್ತಿತ್ತು. ಪೊಳಲಿ ದೇವಸ್ಥಾನದ ಅಮ್ಮನಿಗೆ ಹೇಳುತ್ತಿದ್ದರೋ, ಬಸ್ಸಿಗೆ ಹೇಳುತ್ತಿದ್ದರೋ, ಕೇಳುವ ಧೈರ್ಯ ನನಗಿರಲಿಲ್ಲ.

ಈ ನಡುವೆ ಅವರು ಜಂತುಹುಳದ ಮಾತ್ರೆ ಹಂಚಲು ನಮ್ಮ ಶಾಲೆಗೆ ಬಂದರು. ಕೊಕ್ಕರೆ ಎಂಬ ಕೂಗು ಅವರ ಕಿವಿಗೂ ಬಿತ್ತು. ಬೈಯಲಿಲ್ಲ. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಇಡೀ ತರಗತಿಯ ಮುಂದೆ ಬಸ್ಸು ಓಡಿಸಿ, ಸೀಟಿ ಊದಿದರು. ಮಾರನೆಯ ದಿನದಿಂದ ಮಕ್ಕಳೆಲ್ಲ, “ಇವತ್ತು ಯಾವ ಸ್ಟಾಪು?” ಎಂದು ಕೇಳತೊಡಗಿದರು. ಬಡಿಯಲು ಸಾಲು ನಿಲ್ಲುತ್ತಿದ್ದರು. ನಾನು ಆ ಭಾಗ್ಯವನ್ನು ಆರಿಸಿ ಆರಿಸಿ ಕರುಣಿಸುತ್ತಿದ್ದೆ.

ಬಸ್ಸು ಹೊರಟಿತು. ಗುರುವಾಯನಕೆರೆ ಬಂತು, ಮಡಂತ್ಯಾರು ಬಂತು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಅಜ್ಜಿ ಬೈರಾಸು ಎಳೆಯುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಬೈರಾಸು ಸಡಿಲವಾಗಿತ್ತು. ಪಾದ ತಾನಾಗಿಯೇ ಮೇಲೆ ಬಂದಿತ್ತು, ಒಂದು ಬೆರಳಿನಷ್ಟು. ಅಜ್ಜಿ ನನ್ನ ಪಾದವನ್ನು ಎದೆಗೆ ಒತ್ತಿಕೊಂಡು ಜೋರಾಗಿ ಅತ್ತರು. ನಾನೂ ಅತ್ತೆ, ತಂಗಿ ಏಕೆಂದು ತಿಳಿಯದೆ ಅತ್ತಳು. ಆಮೇಲೆ ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಿ.ಸಿ.ರೋಡಿಗೆ ಹೋಗಿ, ಹೊರಟು ನಿಂತ ಬಸ್ಸಿನ ಕಂಡಕ್ಟರನನ್ನು ಹಿಡಿದರು. “ದಾರಿಯಲ್ಲಿ ಎಲ್ಲಿಯಾದ್ರೂ ಇನ್ಸ್‌ಪೆಕ್ಟ್ರು ಸಿಕ್ಕಿದ್ರೆ ಹೇಳು, ಬಸ್ಸು ಪುಂಜಾಲಕಟ್ಟೆಗೆ ಬಂತು ಅಂತ.”

“ಯಾವ ಬಸ್ಸು ಅಜ್ಜಿ? ಇದು ಈಗ ಹೊರಡುವುದಷ್ಟೆ.”

“ನಿನ್ನದಲ್ಲ ಮಾರಾಯ, ನನ್ನದು!”

ಕಂಡಕ್ಟರ ಹೇಳಿದ್ದ. ಸಂಜೆಯೊಳಗೆ ಸ್ಕೂಟರು ಗೇಟಿನ ಬಳಿ ಹಾರ್ನು ಹಾಕಿತು.

ಬಂಟ್ವಾಳದವರೆಗೆ ಬಂದ ಬಸ್ಸು ಬಿ.ಸಿ.ರೋಡಿಗೆ ಬರಲೇ ಇಲ್ಲ. ಪಾದ ಏಳುತ್ತದೆ, ಹೆಬ್ಬೆರಳು ಏಳುವುದಿಲ್ಲ. “ಬಂಟ್ವಾಳದಲ್ಲಿ ಇಳಿದು ನಡೆದು ಹೋದ್ರಾಯ್ತು ಮಗಾ” ಎಂದರು ಅವರು. ಆದರೆ ಬೆರಳು ಹಿಡಿಯದೆ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ಮೂವತ್ತನೆಯ ಹೆಜ್ಜೆಗೋ ಮೂವತ್ತೈದನೆಯದಕ್ಕೋ ಕಳಚುತ್ತಿತ್ತು, ಗೇಟು ಮಾತ್ರ ಸಿಗಲಿಲ್ಲ. ಅಜ್ಜಿ ಎಷ್ಟೋ ಸಲ, “ಸಾಕು, ಊಟ ಮಾಡಿ ಇನ್ಸ್‌ಪೆಕ್ಟ್ರೇ” ಎಂದರು. “ಗೇಟಿನವರೆಗೆ ಅಂದ್ರೆ ಗೇಟಿನವರೆಗೆ” ಎಂದು ಅವರು ಹಠ ಬಿಡಲಿಲ್ಲ. ಆಮೇಲೆ ಅವರಿಗೆ ಬಡ್ತಿಯಾಯಿತು, ಶನಿವಾರಗಳು ತಪ್ಪಿದವು. ನಾನು ಕಾಲೇಜಿನಲ್ಲಿದ್ದಾಗ ಅಜ್ಜಿ ತೀರಿಕೊಂಡರು. ಈಗ ನಾನು ವಗ್ಗದ ಹತ್ತಿರ ಒಂದು ಶಾಲೆಯಲ್ಲಿ ಟೀಚರು, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಹಾಕುತ್ತೇನೆ, ಯಾರಿಗೂ ಏನೂ ಕಾಣುವುದಿಲ್ಲ. ಮೂಡುಬಿದಿರೆ ಎಷ್ಟು ದೂರ? ಒಂದು ಭಾನುವಾರ ಹೋಗಿ ಊಟಕ್ಕೆ ಕರೆದು ತರಬಹುದಿತ್ತು. ಕರೆಯಲಿಲ್ಲ. ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸುದ್ದಿ ಹೇಳಿದ್ದು ನಮ್ಮ ಊರಿನ ಆಶಾ ಕಾರ್ಯಕರ್ತೆ. ಉತ್ತರಕ್ರಿಯೆಯ ದಿನ ಬಿ.ಸಿ.ರೋಡಿನಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಕೊಂಡು ಅಲ್ಲೇ ಹಾಕಿಕೊಂಡೆ. ಸಿದ್ಧಕಟ್ಟೆಯಾಗಿ ಹೋದರೆ ಹತ್ತಿರ. ನಾನು ಸುತ್ತುದಾರಿಯ ಬಸ್ಸು ಹತ್ತಿ, ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು ಎಂದು ಹಿಂದಕ್ಕೆ ಹೋದೆ. ವೇಣೂರಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಅಲ್ಲಿ ಅದು ಯಾವಾಗಲೂ ನಿಲ್ಲುತ್ತದಲ್ಲ ಎಂದು ನಗು ಬಂತು.

ಅವರ ಮನೆಯ ಗೇಟಿನಿಂದ ಎಣಿಸಲು ಶುರು ಮಾಡಿದೆ. ಹದಿನೇಳಕ್ಕೆ ಎಡಗಾಲಿನದು ಕಳಚಿ ಹಿಂದೆ ಉಳಿಯಿತು. ತಿರುಗಿ ಬಗ್ಗಿ ಎತ್ತಿಕೊಳ್ಳುವಾಗ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನೋಡಿದರು. ನನ್ನನ್ನು ಅವರು ಅದಕ್ಕೆ ಮೊದಲು ಕಂಡವರಲ್ಲ.

“ಯಾವ ಸ್ಟಾಪು ಮಗಾ?” ಎಂದು ಕೇಳಿದರು.

“ಬಂಟ್ವಾಳ” ಎಂದೆ. “ಬಿ.ಸಿ.ರೋಡಿಗೆ ಆಗ್ಲಿಲ್ಲ.”

“ಹಾಗಾದ್ರೆ ನೀನು ಬಂಗುಡೆ ಅಜ್ಜಿಯ ಮೊಮ್ಮಗಳು! ಒಂದು ಊಟ ತಪ್ಪಿಹೋಯ್ತು ಅಂತ ಹೇಳ್ತಾ ಇದ್ರು. ಬಾ, ಒಳಗೆ ಬಾ. ಇವತ್ತು ನೀನು ಇಲ್ಲಿ ಉಣ್ಣು.”

ಎಲೆಯ ಮುಂದೆ ಕುಳಿತಾಗ ಪಕ್ಕದಲ್ಲಿ ನನ್ನ ಪ್ರಾಯದವಳೇ ಒಬ್ಬಳು ಇದ್ದಳು. ಸೀರೆಯ ಅಂಚಿನ ಕೆಳಗೆ, ಎಡಗಾಲಿಗೆ, ಪ್ಲಾಸ್ಟಿಕ್ಕಿನ ಪಟ್ಟಿ.

“ವೇಣೂರಾ?” ನಾನು ಮೆಲ್ಲಗೆ ಕೇಳಿದೆ.

“ಎಲ್ಲಿಯ ವೇಣೂರು! ನಾನು ಮೂಡುಬಿದಿರೆ ಬಿಟ್ಟೇ ಇಲ್ಲ” ಎಂದು ಅವಳು ನಕ್ಕಳು. “ಆದ್ರೂ ಪ್ರತಿ ವರ್ಷ ಬಂದು ಬಡಿದು ನೋಡ್ತಿದ್ರು. ನಿವೃತ್ತಿ ಆದ ಮೇಲೆಯೂ. ಡ್ರೈವರ್ ಚಾ ಕುಡೀತಿದ್ದಾನೆ ಅಂತ ಹೇಳ್ತಿದ್ರು.”

ಊಟ ಮುಗಿಸಿ ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದೆವು, ಅವಳು ಪಟ್ಟಿ ಟಕ್ ಟಕ್ ಎನಿಸುತ್ತಾ, ನಾನು ಎಡಗಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು. ಅವಳು ಬೆಳ್ತಂಗಡಿಗೆ ಹೋಗಬೇಕಾದವಳು.

“ಗುರುವಾಯನಕೆರೆವರೆಗೆ ಒಟ್ಟಿಗೆ ಹೋಗುವ” ಎಂದಳು.

ಸಿದ್ಧಕಟ್ಟೆಯಾಗಿ ಬಿ.ಸಿ.ರೋಡಿಗೆ ಹೋಗುವ ಬಸ್ಸು ಮೊದಲು ಬಂತು. ನಾನು ಹತ್ತಲಿಲ್ಲ.